ಎಲ್ಲಿಗೆಂದು ಕೇಳದ ಕಂಬ

ಉಪ್ಪಿನ ಬ್ಯಾಟರಿ ಬಂದ ಮೇಲೆ ಒಂದು ವಿಚಿತ್ರವಾಯಿತು. ನಿಂತ ಗಾಡಿಗೂ ಬೆಲೆ ಬಂತು.

ಅದಕ್ಕೂ ಮೊದಲಿನ ಬ್ಯಾಟರಿಗಳು ಬಳಸಿದಷ್ಟೂ ಸವೆಯುತ್ತಿದ್ದವು. ಹಾಗಾಗಿ ಒಮ್ಮೆ ತುಂಬಿಸಿದ ಕರೆಂಟನ್ನು ಮತ್ತೆ ಹೊರಗೆ ತೆಗೆಯಲು ಯಾವ ಮಾಲೀಕನೂ ಒಪ್ಪುತ್ತಿರಲಿಲ್ಲ. ಉಪ್ಪಿನ ಬ್ಯಾಟರಿಗೆ ಆ ತಾಪತ್ರಯವಿಲ್ಲ. ಹತ್ತು ಸಾವಿರ ಸಲ ತುಂಬಿಸಿ, ಹತ್ತು ಸಾವಿರ ಸಲ ಬರಿದು ಮಾಡಿದರೂ ಅದು ಮೊದಲ ದಿನದಂತೆಯೇ ಇರುತ್ತದೆ. ಆಗ ಯಾರೋ ಬುದ್ಧಿವಂತರಿಗೆ ಹೊಳೆಯಿತು. ಊರಿನ ಗಾಡಿಗಳು ದಿನದ ಬಹುಪಾಲು ಸುಮ್ಮನೆ ನಿಂತಿರುತ್ತವೆ. ಬೆಳಿಗ್ಗೆ ಊರಿಗೆ ಊರೇ ಎದ್ದು ಒಟ್ಟಿಗೆ ಸ್ವಿಚ್ಚು ಒತ್ತುವ ಹೊತ್ತಿನಲ್ಲಿ ಅವುಗಳ ಹೊಟ್ಟೆಯಲ್ಲಿರುವ ಕರೆಂಟನ್ನು ಎರವಲು ತೆಗೆದುಕೊಂಡು, ಬಿಸಿಲೇರಿ ಸೋಲಾರ್ ಕರೆಂಟು ಚೆಲ್ಲಾಡುವ ಹೊತ್ತಿಗೆ ವಾಪಸ್ ತುಂಬಿಕೊಟ್ಟರೆ ಯಾರಿಗೇನು ನಷ್ಟ?

ಹೀಗೆ ಹುಟ್ಟಿದ್ದು ಸಹಶಕ್ತಿ ನಿಧಿ. ಅಂಗಡಿಯಿರಲಿ, ಕಾರ್ಖಾನೆಯಿರಲಿ, ಗಾಡಿಗಳಿದ್ದರೆ ಸಾಕು, ನಿಧಿಯವರೇ ಬಂದು ಚಾರ್ಜಿಂಗ್ ಕಂಬ ನೆಡುತ್ತಿದ್ದರು. ಟ್ರಾನ್ಸ್‌ಫಾರ್ಮರ್, ಕೇಬಲ್, ಕೂಲಿ, ಎಲ್ಲ ಖರ್ಚೂ ಅವರದೇ. ಪ್ರತಿಯಾಗಿ ಮಾಲೀಕ ಒಂದೇ ಒಂದು ಮಾತು ಕೊಡಬೇಕು: ಗಾಡಿ ಖಂಡಿತವಾಗಿ ನಿಂತಿರುವ ಹೊತ್ತು ಯಾವುದೆಂದು ಹೇಳಬೇಕು. ಆ ಹೊತ್ತಿನಲ್ಲಿ ಕಂಬ ಕರೆಂಟು ಕೊಡುವುದಿಲ್ಲ, ಎಳೆಯುತ್ತದೆ. ಮಾಮೂಲಿ ದಿನ ಅರ್ಧ ಬಿಟ್ಟು ಎಳೆಯುತ್ತದೆ. ಗಾಡಿ ಅಲುಗುವುದೇ ಇಲ್ಲ ಎಂದು ಬರೆದುಕೊಟ್ಟ ದಿನ ತಳದವರೆಗೂ ಎಳೆಯುತ್ತದೆ.

ದಾವಣಗೆರೆಯಲ್ಲಿ ಈ ಮಾತು ಬರೆಸಿಕೊಳ್ಳುವ ಕೆಲಸ ಚಂದ್ರಕಲಾಳದು. ನಲವತ್ತರ ಹತ್ತಿರದ ಹೆಂಗಸು, ನಿಧಿಯ ಎಂಜಿನಿಯರು. ಜಾಗ ಅಳೆಯುವುದೂ ಅವಳೇ, ಅರ್ಜಿ ತುಂಬುವುದೂ ಅವಳೇ, ಜನ ಕಡಿಮೆ ಬಿದ್ದಾಗ ಕಂಟ್ರೋಲ್ ರೂಮಿನಲ್ಲಿ ಕೂರುವುದೂ ಅವಳೇ. ಆ ಕಂಟ್ರೋಲ್ ರೂಮು ಇದ್ದದ್ದು ಹಳೇ ಹತ್ತಿ ಗಿರಣಿಯ ಗೋದಾಮಿನಲ್ಲಿ. ಅವಳ ತಂದೆ ಮರುಳಪ್ಪ ಮೂವತ್ತು ವರ್ಷ ದುಡಿದದ್ದು ಅದೇ ಗಿರಣಿಯಲ್ಲಿ. ಈಗ ಮಗಳ ಜೊತೆಗೇ ಇದ್ದ ಅವರು, ಅವಳು ಡ್ಯೂಟಿಗೆ ಹೊರಟಾಗಲೆಲ್ಲ ಬಾಗಿಲವರೆಗೆ ಬಂದು ನಿಲ್ಲುತ್ತಿದ್ದರು. ಮಾತಾಡುತ್ತಿರಲಿಲ್ಲ. ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು. ಕೇಳಿದರೆ ಹೋದ ಕೆಲಸ ಕೆಡುತ್ತದೆ. ಚಂದ್ರಕಲಾ ಆರು ವರ್ಷದವಳಿದ್ದಾಗ ಒಮ್ಮೆ ಚಪ್ಪಲಿ ಮೆಟ್ಟಿ ನಿಂತ ಅಪ್ಪನನ್ನು ಕೇಳಿಬಿಟ್ಟಿದ್ದಳು. ಮರುಳಪ್ಪ ಒಳಗೆ ಬಂದು, ಕೂತು, ನೀರು ಕುಡಿದು, ಐದು ನಿಮಿಷ ಬಿಟ್ಟು ಮತ್ತೆ ಹೊರಟರು. ಗಿರಣಿಯ ಗೇಟು ಮುಚ್ಚಿ ಆ ದಿನದ ಕೂಲಿಯೂ ಹೋಯಿತು. ಅವ್ವ ತಲೆಗೆ ಮೊಟಕಿದ್ದು ಅವಳಿಗೆ ಇನ್ನೂ ನೆನಪಿತ್ತು. ಆಮೇಲೆ ಅವಳು ಜನ್ಮದಲ್ಲಿ ಯಾರನ್ನೂ ಆ ಮಾತು ಕೇಳಿದವಳಲ್ಲ.

ಮಂಡಕ್ಕಿ ಭಟ್ಟಿಗಳ ಓಣಿಗೆ ಅವಳು ಹೋದದ್ದು ಕಾರ್ತೀಕ ಕಳೆದ ಮೇಲೆ. ಹದಿನಾಲ್ಕು ಭಟ್ಟಿ, ನಲವತ್ತೊಂದು ಸಾಮಾನಿನ ಗಾಡಿ. ಆದರೆ ಓಣಿಯ ವೈರುಗಳು ಅಜ್ಜನ ಕಾಲದವು, ಹೊಸ ಟ್ರಾನ್ಸ್‌ಫಾರ್ಮರ್ ಇಲ್ಲದೆ ಕಂಬ ನೆಡುವ ಹಾಗಿರಲಿಲ್ಲ. ಟ್ರಾನ್ಸ್‌ಫಾರ್ಮರಿಗೆ ನಿಧಿ ಹಣ ಹಾಕಬೇಕಾದರೆ ತಿಂಗಳಿಗೆ ಒಂದು ಇಡೀ ದಿನ ಓಣಿಯ ಒಂದು ಗಾಡಿಯೂ ಅಲುಗಬಾರದು. ಅಂಥ ದಿನವನ್ನು ಎಲ್ಲಿಂದ ತರುವುದೆಂದು ಅವಳೇನೂ ತಲೆ ಕೆಡಿಸಿಕೊಳ್ಳಬೇಕಾಗಲಿಲ್ಲ. ಅಮಾವಾಸ್ಯೆಗೆ ಓಣಿ ಪೂರ್ತಿ ಬಂದ್ ಎನ್ನುವುದು ಊರಿಗೇ ಗೊತ್ತು.

ಓಣಿಯ ಹಿರಿಯ ಕೊಟ್ರಬಸಪ್ಪ. ಅವನ ಭಟ್ಟಿಯ ಕಟ್ಟೆಯ ಮೇಲೆ ಕೂತು ಅವಳು ಫಾರಂ ಬಿಚ್ಚಿದಳು. ಬೇರೆಯವರೆಲ್ಲ ಕರೆಂಟಿನಲ್ಲಿ ಹುರಿಯುವ ಡ್ರಮ್ಮಿಗೆ ಬದಲಾಗಿದ್ದರೂ ಅವನು ಒಂದು ಹಳೇ ಒಲೆ ಉಳಿಸಿಕೊಂಡಿದ್ದ. ಅದರ ಮುಂದೆ ಹಾಲಮ್ಮ ಎಂಬ ಹೆಂಗಸು ಕಾದ ಮರಳಿಗೆ ಅಕ್ಕಿ ಸುರಿದು, ಅರಳುತ್ತಿದ್ದಂತೆ ಜಾಲರಿಯಲ್ಲಿ ಬಾಚಿ ತೆಗೆಯುತ್ತಿದ್ದಳು. ಐವತ್ತು ದಾಟಿದ ವಯಸ್ಸು. ಕಾಲು, ಮುಖ ಸ್ವಲ್ಪ ಊದಿಕೊಂಡಿದ್ದವು. ಚಂದ್ರಕಲಾಳ ಉಡಿಗೆ ಒಂದು ಬೊಗಸೆ ಬಿಸಿ ಮಂಡಕ್ಕಿ ಹಾಕಿ, ತಿನ್ನೋ ಮಟ ಬರೀಬ್ಯಾಡ್ರಿ ಎಂದು ಗದರಿದವಳೂ ಅವಳೇ.

ತಿಂದಾದ ಮೇಲೆ ಚಂದ್ರಕಲಾ ಕೇಳಿದಳು: "ಅಮಾವಾಸ್ಯೆ ದಿನ ಯಾವ ಗಾಡಿನೂ ಹೊರಗೆ ಹೋಗಲ್ಲ ತಾನೇ?"

ಕೊಟ್ರಬಸಪ್ಪ ಒಂದು ಕ್ಷಣ ಅಂಗಳದಲ್ಲಿ ಸಾಲಾಗಿ ನಿಂತ ತನ್ನ ಗಾಡಿಗಳಲ್ಲಿ ಮೂರನೆಯದರ ಕಡೆ ನೋಡಿದ. ಅದರ ಡ್ರೈವರ್ ದಾದಾಪೀರ್ ಟಯರಿಗೆ ಅಂಟಿದ ಮಣ್ಣನ್ನು ಕಡ್ಡಿಯಿಂದ ಕೆರೆಯುತ್ತ ತಲೆ ತಗ್ಗಿಸಿದ್ದ. ಹಾಲಮ್ಮನ ಜಾಲರಿ ಒಂದು ಸಲ ನಿಂತು ಮತ್ತೆ ಆಡಿತು.

"ಇಲ್ರೀ ಮೇಡಂ. ಅಮಾಸಿಗೆ ನಮ್ಮ ಓಣ್ಯಾಗ ಗಾಲಿ ಉಳ್ಳಂಗಿಲ್ಲ."

ಅವಳು ಬರೆದುಕೊಂಡಳು.

ಚಂದ್ರಕಲಾಗೆ ಬಹಳ ತಡವಾಗಿ ತಿಳಿದ ಸಂಗತಿಯನ್ನು ಇಲ್ಲೇ ಹೇಳಿಬಿಡುವುದು ವಾಸಿ. ಹಾಲಮ್ಮನ ಎರಡೂ ಕಿಡ್ನಿ ಎರಡು ವರ್ಷದ ಹಿಂದೆಯೇ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಬೆಳಿಗ್ಗೆ ಏಳಕ್ಕೆ ಊರಾಚೆಯ ಡಯಾಲಿಸಿಸ್ ಕೇಂದ್ರದಲ್ಲಿ ಅವಳು ಮಲಗಿರಬೇಕು. ಹಿಂದೂ ಮುಂದೂ ಯಾರೂ ಇಲ್ಲದ ಹೆಂಗಸು. ದಾದಾಪೀರ್ ಆ ಎರಡು ದಿನ ಮಂಡಕ್ಕಿ ಚೀಲಗಳ ಜೊತೆ ಅವಳನ್ನೂ ಕೂರಿಸಿಕೊಂಡು ಹೋಗಿ ಇಳಿಸುತ್ತಿದ್ದ, ಮಧ್ಯಾಹ್ನ ಬರುವಾಗ ಕರೆತರುತ್ತಿದ್ದ. ಎಲ್ಲೋ ವರ್ಷಕ್ಕೆ ಮೂರ್ನಾಲ್ಕು ಸಲ ಮಂಗಳವಾರವೋ ಶುಕ್ರವಾರವೋ ಅಮಾವಾಸ್ಯೆ ಬಿದ್ದರೆ ಗಾಡಿ ಅವಳೊಬ್ಬಳಿಗಾಗಿಯೇ ಹೊರಡುತ್ತಿತ್ತು. ಮೊದಲ ಸಲ ಹಾಗೆ ಬಂದಾಗ ಕೊಟ್ರಬಸಪ್ಪನೇ ಕೀಲಿ ಕೊಟ್ಟು, ಕರಕೊಂಡು ಹೋಗು, ಯಾರ ಮುಂದೂ ಆಡಬ್ಯಾಡ ಎಂದಿದ್ದ. ಮಾಡಿದ ಉಪಕಾರವನ್ನು ಬಾಯಿಬಿಟ್ಟು ಹೇಳಿಕೊಂಡರೆ ಅದು ಉಪಕಾರವಾಗಿ ಉಳಿಯುವುದಿಲ್ಲ ಎಂದು ನಂಬಿದ ಜನ. ಸರ್ಕಾರಿ ಫಾರಮ್ಮಿನಂಥ ಕಾಗದದಲ್ಲಿ ಅದನ್ನು ಬರೆಸುವುದಂತೂ ಅವನಿಗೆ ನಾಚಿಕೆಗೇಡು. ಹಾಲಮ್ಮನಿಗೂ ತನ್ನ ರೋಗ ಕಾಗದದ ಮೇಲೆ ಹೋಗುವುದು ಬೇಕಿರಲಿಲ್ಲ. ಅದೂ ಅಲ್ಲದೆ ತನ್ನೊಬ್ಬಳ ದೆಸೆಯಿಂದ ಹದಿನಾಲ್ಕು ಭಟ್ಟಿಗಳ ಕಂಬ ತಪ್ಪಿಹೋದರೆ ಎಂದು ಅವಳು ಹೆದರಿದ್ದಳು. ಇಷ್ಟೇ ಆದದ್ದು. ಮೂವರು ಒಳ್ಳೆಯವರು ಸುಮ್ಮನಿದ್ದರು, ನಾಲ್ಕನೆಯವಳು ಕೆದಕಿ ಕೇಳಲಿಲ್ಲ.

ಕಂಬಗಳು ಬಂದವು. ಸೊಂಟದೆತ್ತರದ ಹಸಿರು ಕಂಬ. ಗಾಡಿ ತುಂಬಿಸುವಾಗ ಬಿಳಿ ದೀಪ, ಎಳೆಯುವಾಗ ಹಳದಿ ದೀಪ. ಮೊದಲ ದಿನ ಕೊಟ್ರಬಸಪ್ಪ ನಲವತ್ತೊಂದಕ್ಕೂ ಕುಂಕುಮ ಹಚ್ಚಿಸಿ ತೆಂಗಿನಕಾಯಿ ಒಡೆಸಿದ. ಡ್ರೈವರುಗಳು ಒಂದು ವಾರ ಅನುಮಾನದಿಂದ ನೋಡಿ ಆಮೇಲೆ ಅದರ ಮೇಲೇ ಟವೆಲ್ಲು ಒಣಹಾಕತೊಡಗಿದರು. ಮೂರು ಅಮಾವಾಸ್ಯೆ ಸುಸೂತ್ರವಾಗಿ ಕಳೆದವು, ಒಂದು ಗುರುವಾರ, ಒಂದು ಶನಿವಾರ, ಒಂದು ಭಾನುವಾರ. ಆ ದಿನಗಳಲ್ಲಿ ಬರೀ ಭಟ್ಟಿ ಓಣಿಯೊಂದೇ ಇಡೀ ವಾರ್ಡಿನ ಬೆಳಗಿನ ಭಾರ ಹೊತ್ತಿತು. ಚಂದ್ರಕಲಾ ಮನೆಗೆ ಬಂದು ಅಪ್ಪನ ಮುಂದೆ ಅದನ್ನೇ ಹೊಗಳಿದಳು. ಮರುಳಪ್ಪ ಕೇಳಿಸಿಕೊಂಡು, ಅಲ್ಲ ಮಗಾ, ನಲವತ್ತೊಂದು ಗಾಡಿಯಾಗ ಒಂದಕ್ಕೂ ಅವತ್ತು ಎಲ್ಲಿಗೂ ಹೋಗೋದು ಇರಲ್ವಾ ಎಂದು ಕೇಳಿದರು. ಅವರೇ ಬರೆದುಕೊಟ್ಟಿದ್ದಾರೆ ಎಂದಳು ಅವಳು. ಮರುಳಪ್ಪ ಚಹಾದ ಲೋಟ ಕೆಳಗಿಟ್ಟು, ಹಂಗಾದ್ರೆ ಸರಿ ಎಂದರು.

ನಾಲ್ಕನೆಯ ಅಮಾವಾಸ್ಯೆ ಮಂಗಳವಾರ ಬಂತು.

ಅವತ್ತು ಬೆಳಗಿನ ಪಾಳಿ ಚಂದ್ರಕಲಾಳದು. ಗಾಳಿ ಬಿದ್ದುಹೋಗಿ ಚಿತ್ರದುರ್ಗದ ಕಡೆಯ ಗಾಳಿಯಂತ್ರಗಳು ನಿಂತಿದ್ದವು. ಐದೂವರೆಗೇ ಊರಿನ ಕರೆಂಟಿನ ಭಾರ ಏರತೊಡಗಿತ್ತು. ಅವಳು ತುಟಿ ಕಚ್ಚಿ ಪರದೆ ನೋಡುತ್ತಿದ್ದಳು. ಭಟ್ಟಿ ಓಣಿಯ ನಲವತ್ತೊಂದು ಚುಕ್ಕಿಗಳೂ ಹಳದಿಗೆ ತಿರುಗಿ ಭಾರದ ಗೆರೆ ನಿಧಾನಕ್ಕೆ ಸಮವಾದಾಗ ಅವಳಿಗೆ ಉಸಿರು ಬಂತು. ಆ ಓಣಿಯ ಮೇಲೆ ಪ್ರೀತಿಯೇ ಉಕ್ಕಿತು ಎಂದರೂ ಸುಳ್ಳಲ್ಲ.

ಆರು ಇಪ್ಪತ್ತಕ್ಕೆ ಫೋನು ಬಂತು. ಕಂಬದ ಮೇಲೆ ಬರೆದಿದ್ದ ನಂಬರಿಗೆ ಯಾರೋ ಮಾಡಿದ್ದರು.

"ಮೇಡಂರೀ, ನಾನು ದಾದಾಪೀರ್, ಕೊಟ್ರಬಸಪ್ಪೋರ ಭಟ್ಟಿಯಿಂದ. ಮೂರನೇ ಗಾಡಿ ಪೂರಾ ಇಳದೈತ್ರೀ. ಕಂಬ ತುಂಬಸವಲ್ದು. ಒಂಚೂರು ಕರೆಂಟು ಬೇಕಿತ್ತು."

ಅವಳು ಪರದೆಯ ಮೇಲೆ ಮೂರನೇ ಗಾಡಿಯನ್ನು ಮುಟ್ಟಿ ನೋಡಿದಳು. ನೂರಕ್ಕೆ ಐದು ಉಳಿದಿತ್ತು. ಪಾಳಿಗೆ ಎರಡು ಕಂಬ ಬಿಡುಗಡೆ ಮಾಡುವ ಅಧಿಕಾರ ಅವಳಿಗಿತ್ತು. ಒಂದು ಗುಂಡಿ ಒತ್ತಿದರೆ ಹತ್ತು ನಿಮಿಷದಲ್ಲಿ ಗಾಡಿ ಇಪ್ಪತ್ತು ಕಿಲೋಮೀಟರಿಗಾಗುವಷ್ಟು ತುಂಬುತ್ತದೆ. ಆದರೆ ಕಾರಣ ಬರೆಯಬೇಕು.

"ಅರ್ಜೆಂಟಾ ದಾದಾಪೀರ್?"

"ಹಂಗೇನಿಲ್ರೀ. ಒಂದು ಸಣ್ಣ ಕೆಲ್ಸ ಇತ್ತು. ಹೋಗಿ ಬರೋದಿತ್ತು."

ಎಲ್ಲಿಗೆ ಎನ್ನುವ ಮಾತು ಅವಳ ನಾಲಿಗೆಯ ತುದಿಯವರೆಗೆ ಬಂತು. ಹೊರಟು ನಿಂತ ಮನುಷ್ಯ. ಅದೂ ಅಮಾವಾಸ್ಯೆ. ನಾಲಿಗೆ ತಾನಾಗಿ ಹಿಂದೆ ಸರಿಯಿತು. ಸಂಬಂಧಿಕರ ಊರಿಗೋ, ದರ್ಗಾಕ್ಕೋ ಹೊರಟಿರಬೇಕು, ಖಾಸಗಿ ವಿಷಯ ತನಗೇಕೆ ಎಂದುಕೊಂಡಳು. "ಇಲ್ಲಿ ಸ್ವಲ್ಪ ಬಿಗಿ ಇದೆಯಪ್ಪ ಇವತ್ತು. ಒಂಬತ್ತಕ್ಕೆ ಬಿಟ್ಟುಕೊಟ್ರೆ ನಡೆಯುತ್ತಾ?"

ಆ ಕಡೆಯಿಂದ ಯಾರೋ ಹೆಂಗಸು, ಇರಲಿ ಬಿಡು ತಮ್ಮಾ, ಅವ್ರಿಗ್ಯಾಕ ತೊಂದ್ರಿ ಎಂದದ್ದು ಕೇಳಿಸಿತು.

"ನಡೀತತಿ ಬಿಡ್ರಿ ಮೇಡಂ," ಎಂದ ದಾದಾಪೀರ್.

ಅವಳು ಥ್ಯಾಂಕ್ಸ್ ಹೇಳಿ ಫೋನಿಟ್ಟಳು. ನಿಜವಾಗಿಯೂ ಮನಸಾರೆ ಹೇಳಿದಳು. ಸಹಕರಿಸುವ ಗಿರಾಕಿ ಎಂದರೆ ಹೀಗಿರಬೇಕು ಎಂದೂ ಅಂದುಕೊಂಡಳು. ಒಂಬತ್ತು ಹೊಡೆಯುತ್ತಲೇ, ಹೇಳಿದ ಮಾತಿನಂತೆ, ಎಲ್ಲಕ್ಕಿಂತ ಮೊದಲು ಮೂರನೇ ಗಾಡಿಯ ಕಂಬವನ್ನೇ ಬಿಟ್ಟಳು. ಚುಕ್ಕಿ ಬಿಳಿಯಾಯಿತು. ಗಾಡಿ ಮಾತ್ರ ಅಲುಗಲಿಲ್ಲ. ಕೆಲಸ ಮುಂದೆ ಹಾಕಿರಬೇಕು ಎಂದುಕೊಂಡು ಅವಳು ಚಹಾಕ್ಕೆ ಎದ್ದಳು.

ಆ ವಾರವೇ ನಿಧಿಯ ಕಚೇರಿಯಿಂದ ಒಂದು ಪ್ರಶಸ್ತಿಪತ್ರ ಬಂತು. ಆ ದಿನ ಜಿಲ್ಲೆಯಲ್ಲೇ ಅತಿ ಹೆಚ್ಚು ಕರೆಂಟು ಕೊಟ್ಟ ಓಣಿ ಭಟ್ಟಿ ಓಣಿಯಂತೆ. ಅದಕ್ಕೆ ಚೌಕಟ್ಟು ಹಾಕಿಸಿ, ಕೆಳಗೆ ತಾನೇ ಕೈಯಾರೆ ಎರಡು ಸಾಲು ಸೇರಿಸಿದಳು ಚಂದ್ರಕಲಾ: ಅಂದು ಬೆಳಿಗ್ಗೆ ನಿಮ್ಮ ಗಾಡಿಗಳ ಕರೆಂಟಿನಿಂದ ಎರಡು ನೀರಿನ ಪಂಪು, ಒಂದು ಶಾಲೆ, ಒಂದು ಡಯಾಲಿಸಿಸ್ ಕೇಂದ್ರ ನಿಲ್ಲದೆ ನಡೆದವು. ಶನಿವಾರ ಅದನ್ನು ಹೊತ್ತು ಖುಷಿಯಿಂದ ಓಣಿಗೆ ಹೋದಳು.

ಎಲ್ಲ ಭಟ್ಟಿಗಳೂ ನಡೆಯುತ್ತಿದ್ದವು, ಕೊಟ್ರಬಸಪ್ಪನದೊಂದು ಬಿಟ್ಟು. ಹಳೇ ಒಲೆಯ ಮೇಲೆ ಚೀಲ ಹೊದಿಸಿತ್ತು. ಕೊಟ್ರಬಸಪ್ಪ ಕಟ್ಟೆಯ ಮೇಲೆ ಕೂತಿದ್ದ. ಎದ್ದು, ಬರ್ರಿ ಕುಂದರ್ರಿ ಎಂದು ಚಾಪೆ ಹಾಸಿದ. ಅವಳು ಚೌಕಟ್ಟು ಕೊಟ್ಟಳು. ಅವನು ಅದನ್ನು ಓದಿದ. ಕೊನೆಯ ಎರಡು ಸಾಲಿನ ಹತ್ತಿರ ಬಂದು ನಿಂತ. ಆಮೇಲೆ ಅದನ್ನು ಮಗುಚಿ ಪಕ್ಕಕ್ಕಿಟ್ಟು, ಹಾಲಮ್ಮ ಹೋಗಿಬಿಟ್ಲು ಮೇಡಂ ಎಂದ.

ಅವನು ಹೇಳಿದ್ದು ಸಣ್ಣ ಕಥೆ. ಮಂಗಳವಾರ ದಾದಾಪೀರ್ ಓಡಿಹೋಗಿ ದೊಡ್ಡ ರಸ್ತೆಯಿಂದ ಒಂದು ಆಟೋ ಹಿಡಿದು ತಂದನಂತೆ. ಅವರು ಕೇಂದ್ರ ಮುಟ್ಟುವಷ್ಟರಲ್ಲಿ ಎಂಟೂಕಾಲು. ಕೇಂದ್ರದಲ್ಲಿ ಅವಳ ಮಷೀನಿಗೆ ಇನ್ನೊಬ್ಬರನ್ನು ಹಾಕಿಬಿಟ್ಟಿದ್ದರು. ಮಾರನೇ ದಿನ ಬೆಳಿಗ್ಗೆಗೆ ಬರಲು ಹೇಳಿದರು. ಹಾಲಮ್ಮ ಅಲ್ಲಿ ಯಾರಿಗೂ ಏನೂ ಹೇಳದೆ ವಾಪಸ್ ಬಂದು, ಇಷ್ಟೇನು, ಒಂದು ದಿನ ತಾನೇ ಎಂದಳಂತೆ. ಸಂಜೆ ಎದೆ ಭಾರ ಎಂದಳು. ಒಲೆಯ ಮುಂದೆ ಗೋಡೆಗೆ ಒರಗಿ ಕೂತವಳು ಹಾಗೇ ಕೂತಿದ್ದಳು. ದಾದಾಪೀರ್ ಹೋಗಿ ಮಾತಾಡಿಸಿದಾಗ ಉಸಿರಿರಲಿಲ್ಲ.

ಚಂದ್ರಕಲಾ ಅವನ ಕಡೆ ತಿರುಗಿದಳು. "ನನಗೆ ಹೇಳಬಾರದಿತ್ತಾ? ಒಂದು ಮಾತು ಹೇಳಿದ್ರೆ ಸಾಕಿತ್ತು. ಗುಂಡಿ ನನ್ನ ಕೈಯಲ್ಲೇ ಇತ್ತು."

"ಏನಂತ ಹೇಳಾದ್ರೀ," ಎಂದ ಕೊಟ್ರಬಸಪ್ಪ. "ನಾವು ಆಕೀನ ಕಳಸ್ತೀವಿ ಅಂತ ಹೇಳಿಕೊಂಡು ತಿರುಗಾದು ಚಲೋ ಅನಿಸಲಿಲ್ಲ. ನೀವು ಗಾಡಿ ಹೋಗ್ತತೇನು ಅಂತ ಕೇಳಿದ್ರಿ, ನಾನು ಇಲ್ಲ ಅಂದೆ. ಸುಳ್ಳು ನಂದು. ನಿಮ್ಮದೇನೂ ಇಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವನು ತಪ್ಪನ್ನೂ ತಾನೇ ಹೊತ್ತುಕೊಂಡುಬಿಟ್ಟ. ಚಂದ್ರಕಲಾ ಕಟ್ಟೆಯ ಮೇಲೆ ಕೂತು ಮುಖ ಮುಚ್ಚಿಕೊಂಡು ಅತ್ತಳು. ಫೋನಿನಲ್ಲಿ ಕೇಳಿದ ಆ ಹೆಂಗಸಿನ ದನಿ ಯಾರದೆಂದು ಅವಳಿಗೆ ಈಗ ಗೊತ್ತಾಗಿತ್ತು. ಅವ್ರಿಗ್ಯಾಕ ತೊಂದ್ರಿ. ದಾದಾಪೀರ್ ಮೂರನೇ ಗಾಡಿಯ ಹಿಂದೆ ನಿಂತಿದ್ದವನು ಹತ್ತಿರ ಬರಲಿಲ್ಲ.

ಮನೆಗೆ ಬಂದು ಅಪ್ಪನ ಮುಂದೆ ಎಲ್ಲವನ್ನೂ ಹೇಳಿದಳು. ಬಾಯಿಗೆ ಬಂದಿತ್ತು ಅಪ್ಪಾಜಿ, ಎಲ್ಲಿಗೆ ಅಂತ ಕೇಳೋಕೆ ಬಾಯಿಗೆ ಬಂದಿತ್ತು ಎಂದಳು.  ಮರುಳಪ್ಪ, ಅವತ್ತು ಗಿರಣಿಯ ಗೇಟು ಮುಚ್ಚಿದ್ದು ನೀನು ಕೇಳಿದ್ದಕ್ಕಲ್ಲ ಮಗಳೇ, ನಾನು ಒಳಗೆ ಬಂದು ನೀರು ಕುಡೀತಾ ಕೂತಿದ್ದಕ್ಕೆ ಎಂದರು. ಮೂವತ್ತಕ್ಕೂ ಹೆಚ್ಚು ವರ್ಷದ ಮೇಲೆ ಅವರು ಹೇಳಿದ ಆ ಮಾತು ಅವಳಿಗೆ ಸಮಾಧಾನ ತರಲಿಲ್ಲ. ಮೊದಲೇ ಹೇಳಬಾರದಿತ್ತೇ ಎಂದು ಅಪ್ಪನ ಮೇಲೂ ಸಿಟ್ಟು ಬಂತು.

ಮುಂದಿನ ವಾರ ಅವಳು ನಿಧಿಯ ಕಚೇರಿಯಲ್ಲಿ ಒಂದು ಬದಲಾವಣೆ ಕೇಳಿದಳು. ಪ್ರತಿ ಓಣಿಯಲ್ಲಿ ಒಂದು ಗಾಡಿಯನ್ನು ಯಾವತ್ತೂ ಎಳೆಯಬಾರದು, ಅದು ತುಂಬಿಯೇ ನಿಂತಿರಬೇಕು, ಅದನ್ನು ಯಾರು ಯಾಕೆ ಒಯ್ದರೆಂದು ಲೆಕ್ಕ ಕೇಳಬಾರದು. ಮೇಲಿನವರು ಪುರಾವೆ ಕೇಳಿದರು. ಒಂದು ಸಾವನ್ನು ಬಿಟ್ಟರೆ ಅವಳ ಹತ್ತಿರ ಬೇರೆ ಪುರಾವೆ ಇರಲಿಲ್ಲ. ಯೋಚಿಸೋಣ ಎಂದರು. ಯೋಚಿಸುವವರೆಗೆ ಕಾಯಲು ಅವಳಿಗಾಗಲಿಲ್ಲ. ಪಾಳಿಗೆ ಎರಡು ಬಿಡುಗಡೆಯ ಅಧಿಕಾರವಿತ್ತಲ್ಲ, ಅದರಲ್ಲಿ ಒಂದನ್ನು ಎತ್ತಿಟ್ಟಳು.

ಮತ್ತೊಂದು ಅಮಾವಾಸ್ಯೆ ಬುಧವಾರ ಬಿತ್ತು. ಅವಳೇ ಕೇಳಿ ಬೆಳಗಿನ ಪಾಳಿ ಹಾಕಿಸಿಕೊಂಡಿದ್ದಳು. ಓಣಿಯ ನಲವತ್ತು ಚುಕ್ಕಿಗಳು ಹಳದಿಯಾದವು. ಮೂರನೇ ಗಾಡಿಯದನ್ನು ಅವಳು ಬಿಳಿಯಾಗಿಯೇ ಇಟ್ಟಳು. ಕಾರಣದ ಜಾಗದಲ್ಲಿ ಹಾಲಮ್ಮ ಎಂದು ಬರೆದಳು.

ಆರು ಇಪ್ಪತ್ತಕ್ಕೆ ಫೋನು ಬಂತು.

"ಮೇಡಂರೀ, ದಾದಾಪೀರ್. ಮೂರನೇ ಗಾಡಿ ಕರೆಂಟು ನೀವು ತಗೊಂಡಿಲ್ರೀ. ಪೂರಾ ತುಂಬೈತಿ."

"ಗೊತ್ತು. ನಾನೇ ಬಿಟ್ಟಿದ್ದೀನಿ."  ಆರನೇ ವಯಸ್ಸಿನಿಂದ ಯಾರನ್ನೂ ಕೇಳದಿದ್ದುದನ್ನು ಅವಳು ಕೇಳಿದಳು: "ಎಲ್ಲಿಗೆ ಹೋಗೋದಿದೆ ದಾದಾಪೀರ್?"



"ಎಲ್ಲಿಗೂ ಇಲ್ರೀ. ಈ ಹೊತ್ತಿಗೆ ಬಂದು ಗಾಡ್ಯಾಗ ಕುಂದರೋದು ರೂಢಿ ಆಗೈತಿ, ಅಷ್ಟ. ಹಾಲಕ್ಕ ಕುಂದರತಿದ್ದ ಕಡಿ ಚೀಲ ಮಡಚಿ ಹಾಕಿದ್ದೆ. ಅದು ಹಂಗೇ ಐತಿ." ಮತ್ತೆ ತಡೆದು ಹೇಳಿದ: "ತಗೊಳ್ರಿ ಮೇಡಂ ಕರೆಂಟು. ಯಾರಿಗರ ಬೇಕಾಗಿರತೈತಿ."

ಅವಳು ಇರಲಿ ಎಂದಳು. ಅವನೂ ಒತ್ತಾಯ ಮಾಡಲಿಲ್ಲ, ಫೋನನ್ನೂ ಇಡಲಿಲ್ಲ. ಆ ಕಡೆಯಿಂದ ಗಾಡಿಯ ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು ಕೇಳಿಸಿತು. ಪರದೆಯ ಮೇಲೆ ಮೂರನೇ ಗಾಡಿ ಪೂರ್ತಿ ತುಂಬಿ ನಿಂತಲ್ಲೇ ನಿಂತಿತ್ತು. ಒಂಬತ್ತು ಹೊಡೆಯುವವರೆಗೂ ಚಂದ್ರಕಲಾ ಅದನ್ನೇ ನೋಡುತ್ತ ಕೂತಿದ್ದಳು.